ಬಾಲಚುಕ್ಕಿಗೆ ಕಣ್ಣು

ಆಗ ನಮ್ಮ ಕಿನ್ನಾಳದಲ್ಲಿ ಕತ್ತಲೆ ಇತ್ತು. ಕರೆಂಟು ಹೋದರೆ ಓಣಿ ಇಡೀ ಮಾಯ. ಮೇಲೆ ಮಾತ್ರ ಚುಕ್ಕಿಗಳು ಕಿಕ್ಕಿರಿದು ಕೂತಿರುತ್ತಿದ್ದವು. ಹತ್ತು ವರ್ಷದ ನನಗೆ ಅವುಗಳ ಗೊಡವೆ ಇರಲಿಲ್ಲ, ನಮ್ಮ ಸಾಲೆಯ ಮಾಸ್ತರು ಆ ಸುದ್ದಿ ತರುವವರೆಗೆ.

ಹ್ಯಾಲಿ ಧೂಮಕೇತು ಬಂದಿದೆ! ಎಪ್ಪತ್ತಾರು ವರ್ಷಕ್ಕೊಮ್ಮೆ ಬರುತ್ತದೆ! ಮಾಸ್ತರು ಹಲಗೆಯ ತುಂಬ ಸುಣ್ಣದ ಕಡ್ಡಿಯಿಂದ ಬಾಲ ಎಳೆದರು. ಹಿಂದೆ ರಾಜರು ಸತ್ತದ್ದಕ್ಕೆ, ಯುದ್ಧ ಸೋತದ್ದಕ್ಕೆ, ಬೇನೆ ಬಂದದ್ದಕ್ಕೆ ಜನ ಇದರ ಮೇಲೆಯೇ ಗೂಬೆ ಕೂರಿಸುತ್ತಿದ್ದರಂತೆ. ಕೊನೆಗೊಬ್ಬ ಲೆಕ್ಕ ಹಾಕಿ, ಆಗ ಬಂದದ್ದೂ ಇದೇ, ಈಗ ಬಂದದ್ದೂ ಇದೇ, ಮುಂದೆ ಬರುವುದೂ ಇದೇ ಎಂದನಂತೆ. ಅಂದು ಸಂಜೆಯೇ ಓಣಿಯಲ್ಲಿ ಹೊಸ ಆಟ ಹುಟ್ಟಿತು. ಅವ್ವನ ಹಳೆ ಸೀರೆಯನ್ನು ತಲೆಗೆ ಕಟ್ಟಿಕೊಂಡು ಒಬ್ಬರು ಓಡಬೇಕು. ಆ ಬಾಲ ತಾಗಿದವರು ಸತ್ತಂತೆ. ನಾನು ಓಡುತ್ತಿದ್ದೆ, ಪಕ್ಕದ ಮನೆಯ ರಜಿಯಾ ಓಡುತ್ತಿದ್ದಳು. ತಮ್ಮ ಮಂಜ್ಯಾ ಸಾಯುತ್ತಲೇ ಇದ್ದ.

ಕೊಪ್ಪಳದಲ್ಲಿ ಸಾಲೆಗಳ ವಿಜ್ಞಾನ ಪ್ರದರ್ಶನವಿತ್ತು. "ನಿಮ್ಮಪ್ಪ ಗೊಂಬಿ ಮಾಡ್ತಾರಲ್ಲವಾ ಗಂಗಾ, ಒಂದು ಧೂಮಕೇತು ಮಾಡಿಸ್ಕೊಂಡು ಬಾ. ಒಂದ ತಲಿ, ಒಂದ ಬಾಲ, ಮುಗೀತು" ಎಂದರು ಮಾಸ್ತರು. ನಾನು ಮನೆಗೆ ಓಡಿದೆ.

ಅಪ್ಪ ಹಗುರ ಮರದ ತುಂಡು ಕೆತ್ತಿದ. ಸೆಣಬಿನ ಚಿಂದಿಯನ್ನು ಹುಣಸೆಬೀಜದ ಅಂಟಿನಲ್ಲಿ ಅದ್ದಿ ಬಾಲ ಮಾಡಿದ. ಒಲೆಯ ಮೇಲೆ ಕುದಿಯುವ ಆ ಅಂಟಿನ ಹುಳಿಮಿಶ್ರಿತ ವಾಸನೆ ಮನೆಯಿಡೀ ತುಂಬಿತ್ತು. ಶೇಂಗಾ ತಿಂದರೂ ಅದೇ ರುಚಿ. ಬಾಲಕ್ಕೆ ಬೆಳ್ಳಿಬಣ್ಣದ ಬೇಗಡೆ ಹಚ್ಚಿದಾಗ ಅದು ಝಗ್ ಎಂದಿತು. ಆಮೇಲೆ ಅಪ್ಪ ಅದಕ್ಕೆ ಮೂಗು ಕೂರಿಸಿದ.

"ಅಪ್ಪಾ, ಅದಕ್ಕ ಮೂಗ ಇರಂಗಿಲ್ಲ!"

"ತಲಿ ಅಂದಮ್ಯಾಲ ಮಾರಿ ಬ್ಯಾಡೇನು? ಸೂರ್ಯಗ ಮಾರಿ ಐತಿ, ಚಂದ್ರಗ ಐತಿ. ಇದೇನ ಪಾಪ ಮಾಡೈತಿ?"

ಹಳದಿ ಮುಖ, ಕೆಂಪು ತುಟಿ, ಕೆಳಗೆ ಬೆಳ್ಳಿ ಬಾಲ. ಕಣ್ಣು ಮಾತ್ರ ಉಳಿಯಿತು. ಕಣ್ಣು ತೆರೆಯುವುದು ಕೊನೆಯ ಕೆಲಸ. ತೆರೆದ ಮೇಲೆ ಗೊಂಬೆ ನೋಡುತ್ತದೆ ಎಂಬುದು ನಮ್ಮವರ ನಂಬಿಕೆ. ನಮ್ಮ ಮನೆಯಲ್ಲಿ ಆ ಕೆಲಸ ಆಯಿಯದು, ಅಪ್ಪನ ತಾಯಿಯದು. ಆಯಿ ಕುಂಚ ಮುಟ್ಟಲಿಲ್ಲ.

"ಏನಾರ ಮಾಡ್ಕೋರಿ. ನಾ ಕಣ್ಣ ತೆರಿಯಂಗಿಲ್ಲ. ಅದು ನಮ್ಮ ಮನಿ ನೋಡೂದ ಬ್ಯಾಡ."

"ಆಯಿ, ಇದು ಕಟಗಿದು!"

"ಕಟಗಿ ದೇವರು ನೋಡತೈತಿಲ್ಲ? ಹೋದ ಸಲ ಇದು ಬಂದಾಗ ನಾ ಇಷ್ಟ ಇದ್ದೆ" ಎಂದು ಆಯಿ ತನ್ನ ಮೊಣಕಾಲು ತೋರಿಸಿದಳು. "ದೀಪ ಹಚ್ಚೂ ಹೊತ್ತಿಗೆ ಪಡುವಲಕ ನಿಂತಿತ್ತು, ಕಸಬರಿಗಿ ಇದ್ದಂಗ. ಅದು ಹೋಗೂದ್ರಾಗ ನಮ್ಮವ್ವನ್ನ ಒಯ್ತು."

ನಾನು ಅಪ್ಪನ ಬೆನ್ನು ಬಿದ್ದೆ. "ನೀನ ತೆರಿ ಅಪ್ಪಾ." "ನಮ್ಮವ್ವ ಇರೂತನಕ ನಾ ಕಣ್ಣಿಗೆ ಕುಂಚ ಹಚ್ಚಂಗಿಲ್ಲ." "ಹಂಗ ಒಯ್ತೀನಿ." "ಕಣ್ಣಿಲ್ಲದ್ದು ಈ ಮನಿ ಹೊಸ್ತಿಲ ದಾಟಂಗಿಲ್ಲ." ಪ್ರದರ್ಶನ ಸೋಮವಾರ. ಇಡೀ ತರಗತಿಯ ಮುಂದೆ ನಾನು ಜಂಬ ಕೊಚ್ಚಿಕೊಂಡಾಗಿತ್ತು.

"ಏ ಗಂಗಿ, ನಿಮ್ಮ ಚುಕ್ಕಿ ಕುರುಡಂತಲ್ಲ!" ಎಂದಳು ರಜಿಯಾ. "ಮತ್ತ ಇಷ್ಟು ದೂರ ಹಾದಿ ಹ್ಯಾಂಗ ಹುಡುಕ್ಕೊಂಡ ಬಂತು?"

ಭಾನುವಾರ ನಸುಕಿನಲ್ಲಿ ಮಾಸ್ತರು ನಮ್ಮನ್ನೆಲ್ಲ ಹಳ್ಳದ ದಂಡೆಯ ದಿಬ್ಬಕ್ಕೆ ಕರೆದಿದ್ದರು, ನಿಜವಾದದ್ದನ್ನು ತೋರಿಸಲು. ಶಿವರಾತ್ರಿ ಮುಗಿದಿತ್ತು, ಆದರೂ ಆ ಹೊತ್ತಿಗೆ ಚಳಿ. ನಾನೂ ಮಂಜ್ಯಾನೂ ಕಂಬಳಿ ಹೊದ್ದು ಹೊರಟರೆ ಆಯಿ ಬಾಗಿಲಲ್ಲಿ ನಿಂತಿದ್ದಾಳೆ, ಸೆರಗಿನ ತುದಿಯಲ್ಲಿ ಒಂದು ಹಿಡಿ ಉಪ್ಪು ಕಟ್ಟಿಕೊಂಡು. "ಅದರ ಮುಂದ ಮಕ್ಕಳನ್ನ ಅಷ್ಟ ಬಿಟ್ಟ ಕಳಸ್ಲೇನು? ನಡೀರಿ." ದೃಷ್ಟಿ ತಾಗಿದರೆ ನಮ್ಮನ್ನು ಇಳಿತೆಗೆಯಲು ಉಪ್ಪು, ಊರಲು ಕೋಲು. ನನಗೋ ಹೆದರಿಕೆಯಲ್ಲ, ಖುಷಿ.

ಇಲ್ಲಿಂದ ಮುಂದೆ ನನ್ನ ನೆನಪನ್ನು ಅಷ್ಟಾಗಿ ನಂಬಬೇಡಿ. ಆಯಿ ದಿಬ್ಬದ ಬುಡದಲ್ಲೇ ಕೂತಿದ್ದಳು ಎನ್ನುತ್ತಾನೆ ಮಂಜ್ಯಾ. ಅಂದು ಮೋಡ ಇತ್ತೆಂದು ರಜಿಯಾ ಆಣೆ ಮಾಡುತ್ತಾಳೆ. ನನ್ನ ನೆನಪಿನಲ್ಲಂತೂ ಆಯಿ ತುದಿಯವರೆಗೆ ಹತ್ತಿದಳು, ಆಕಾಶ ತೊಳೆದಿಟ್ಟಂತಿತ್ತು.

ಮಾಸ್ತರು ಬೆರಳು ಚಾಚಿದರು. ಮಕ್ಕಳೆಲ್ಲ "ಎಲ್ಲಿ? ಎಲ್ಲಿ?" ಎಂದು ಕೂಗುತ್ತಿದ್ದರು. ದಕ್ಷಿಣ ಪೂರ್ವದ ಮೂಲೆಯಲ್ಲಿ, ಒರೆಸಿದರೂ ಉಳಿದ ಸುಣ್ಣದ ಗುರುತಿನಂತೆ, ಏನೋ ಒಂದು. "ಸಿಕ್ತು!" ಎಂದು ನಾನು ಕಿರುಚಿದೆ. ಮಾಸ್ತರು ದುರ್ಬೀನು ಕೊಟ್ಟರೆ ಅದರೊಳಗೆ ಚುಕ್ಕಿಗಳೆಲ್ಲ ಕುಣಿದವು.

"ಎಲ್ಲೈತಿ?" ಎಂದಳು ಆಯಿ. ನಾನು ಅವಳ ಬೆರಳು ಹಿಡಿದು ಗುರಿ ಇಟ್ಟೆ.

"ಅದಾ? ಆ ಹತ್ತಿ ಎಳಿ?"

"ಹೌದ್ರಿ ಅಜ್ಜಿ, ಅದ ರೀ" ಎಂದರು ಮಾಸ್ತರು.

ಆಯಿ ಬಹಳ ಹೊತ್ತು ನೋಡಿದಳು. ಅವಳ ಕಣ್ಣಿನಲ್ಲಿ ಪೊರೆ ಇತ್ತು, ಏನು ಕಂಡಿತೋ. ಆಮೇಲೆ ಮೆಲ್ಲಗೆ, ಯಾರಿಗೂ ಅಲ್ಲವೆಂಬಂತೆ ಅಂದಳು: "ಇಷ್ಟ ಸಣ್ಣದು ನಮ್ಮವ್ವನ್ನ ಹ್ಯಾಂಗ ಒಯ್ದೀತು?"

ದಿಬ್ಬದ ಮೇಲೆ ಉಪ್ಪಿನ ಗಂಟು ಬಿಚ್ಚಲೇ ಇಲ್ಲ. ಮನೆಗೆ ಬಂದು ಆ ಉಪ್ಪನ್ನು ಸಾರಿಗೆ ಹಾಕಿದಳು. ಮುಖ ತೊಳೆದು, ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೂಗಿಗೆ ಮೂಗು ತಾಗುವಷ್ಟು ಬಾಗಿ, "ಕುಂಚ ತಾ ಗಂಗಿ" ಎಂದಳು. ಅಪ್ಪ ಕೆಲಸ ಬಿಟ್ಟು ಎದ್ದು ನಿಂತ. ಮೊದಲು ಬಿಳಿ. ಆಮೇಲೆ ಕಪ್ಪು ಗೆರೆ. ಕೊನೆಗೆ ಗುಡ್ಡೆ. ಎಡಗಣ್ಣು ಸ್ವಲ್ಪ ದೊಡ್ಡದಾಯಿತು. "ಇಷ್ಟು ದೂರ ಬಂದೀಯಂತ. ನಮ್ಮನ್ನ ಒಂದೀಟ ನೋಡಿ ಹೋಗವಾ" ಎಂದಳು ಆಯಿ ಅದಕ್ಕೆ. ನಾನು ಅಂಗಳಕ್ಕೆ ಹಾರಿ ಕುಣಿದೆ.

ಕೊಪ್ಪಳದಲ್ಲಿ ಬಹುಮಾನ ಬರಲಿಲ್ಲ. ಧೂಮಕೇತುವಿಗೆ ಮುಖವಿಲ್ಲ ಎಂದರು ತೀರ್ಪುಗಾರರು. ಆದರೆ ಅದರ ಮುಂದೆ ನೆರೆದಷ್ಟು ಹುಡುಗರು ಬೇರೆ ಯಾವ ಮೇಜಿನ ಮುಂದೆಯೂ ಇರಲಿಲ್ಲ.

ಆಯಿ ಚಿಕ್ಕವಳಿದ್ದ ಆ ವರ್ಷ ಎರಡು ಧೂಮಕೇತು ಬಂದಿದ್ದವು ಎಂದು ದೊಡ್ಡವಳಾದ ಮೇಲೆ ಓದಿದೆ. ಹ್ಯಾಲಿಗಿಂತ ಮೊದಲು, ಸಂಜೆಯ ಪಡುವಣದಲ್ಲಿ, ಅದಕ್ಕಿಂತ ಪ್ರಖರವಾದದ್ದೊಂದು. ಆಯಿ ಹೆದರಿದ್ದು ಅದಕ್ಕೋ, ಹ್ಯಾಲಿಗೋ? ಅದಕ್ಕೇ ಆಗಿದ್ದರೆ, ಅವಳು ದಿಬ್ಬದ ಮೇಲೆ ಬಿಡುಗಡೆ ಮಾಡಿದ್ದು, ತನ್ನವ್ವ ಸತ್ತಾಗ ಸ್ಥಳದಲ್ಲೇ ಇರದಿದ್ದ ಆರೋಪಿಯನ್ನು. ಕೇಳೋಣವೆಂದರೆ ಆಯಿ ಇಲ್ಲ.

ಆ ದಿಬ್ಬಕ್ಕೆ ಈಚೆಗೆ ಹೋಗಿದ್ದೆ, ಅದೇ ಹೊತ್ತಿಗೆ. ಕಾರ್ಖಾನೆಗಳ ಬೆಳಕಿಗೆ ಆಕಾಶದ ಅಂಚು ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಹತ್ತಿ ಎಳೆಯಂಥದ್ದು ಬಂದರೆ ಕಾಣಲಿಕ್ಕಿಲ್ಲ. ಕತ್ತಲೆ ಹೋಯಿತು. ಹೆದರಿಕೆಯೂ ಹೋಯಿತು, ಹೋಗಲಿ. ಆದರೆ ಹೆದರಿಕೊಂಡೇ ಸೆರಗಿಗೆ ಉಪ್ಪು ಕಟ್ಟಿ ನೋಡಲು ಹೊರಡುವವರೂ ಹೋದರು.

ಅದು ಮತ್ತೆ ಬರುವಾಗ ನಾನಿದ್ದರೆ ನನಗೆ ಆಯಿಯಷ್ಟೇ ವಯಸ್ಸು. ಯಾವುದೋ ಮಗು ನನ್ನ ಬೆರಳು ಹಿಡಿದು ಗುರಿ ಇಡುತ್ತದೆ. ನಾನು ಬಹಳ ಹೊತ್ತು ನೋಡುತ್ತೇನೆ. ಆಮೇಲೆ ಖಂಡಿತ ಹೇಳುತ್ತೇನೆ: "ಇದು ಅಲ್ಲ ಬಿಡವಾ. ನಾ ನೋಡಿದ್ದಕ್ಕ ಕಣ್ಣಿದ್ದವು."