ಕರಿಕೆಯಲ್ಲಿ ಕಾಲಿಗೆ ಬಿದ್ದ ಕಬ್ಬಿಣ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ದಿನವಾಗಿಲ್ಲ. ನನ್ನ ಹೊಟ್ಟೆಯ ಗಡ್ಡೆಗೂ ಮೈಸೂರೇ ಗತಿ ಎಂದರು ಮಡಿಕೇರಿಯ ಡಾಕ್ಟರು. ಆಪರೇಷನ್ನಿಗೆ ಮೊದಲು, ನನ್ನನ್ನು ಸಾಕಿ ಬೆಳೆಸಿದ ಅತ್ತೆಯ ಕಾಲಿಗೆ ಬಿದ್ದು ಬರೋಣವೆಂದು ಅವರ ಊರು ಕರಿಕೆಗೆ ಹೊರಟೆ. ನಾನು ಧೈರ್ಯಸ್ಥನಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ.

ಭಾಗಮಂಡಲದವರೆಗೆ ಬಸ್ಸು, ಅಲ್ಲಿಂದ ಏಲಕ್ಕಿ ಮೂಟೆಗಳ ಜೊತೆ ಜೀಪು. ಮಂಜು ಎಷ್ಟಿತ್ತೆಂದರೆ ಡ್ರೈವರು ತಲೆ ಹೊರಗೆ ಹಾಕಿಯೇ ಓಡಿಸಿದ. ಅತ್ತೆ ಬಿಸಿ ಅಕ್ಕಿರೊಟ್ಟಿ ಕೊಟ್ಟು, "ಕಾಲಿಗೆ ಬೀಳುದೆಲ್ಲ ನಾಳೆ ಹೊರಡುವಾಗ. ಈಗ ಶಾಲೆಗೆ ಬಾ, ಕಬ್ಬಿಣದ ಮನುಷ್ಯ ಬಂದಿದ್ದಾನಂತೆ," ಎಂದರು.

ಶಾಲೆಯ ಕಿಟಕಿಗಳಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿದ್ದರು. ಆಟದವನು ಕಣ್ಣೂರಿನ ಕಡೆಯ ಮೆಕ್ಯಾನಿಕ್. ಅವನ ಆಳೆತ್ತರದ ಕಬ್ಬಿಣದ ಗೊಂಬೆಯ ಹೊಟ್ಟೆಯಿಂದ ಒಂದು ಹಗ್ಗ ಹೊರಟು ಜನರ ನಡುವೆ ಹಾದುಹೋಗಿತ್ತು.

"ಹಗ್ಗದ ತುದಿ ಕೈಯಿಂದ ಕೈಗೆ ಹೋಗ್ಲಿ. ನಾನು ಸೀಟಿ ಊದುವಾಗ ಯಾರ ಕೈಲುಂಟೋ ಅವರು ಬಿಗಿಯಾಗಿ ಹಿಡೀಬೇಕು, ಇವ ಅಲ್ಲಿಗೆ ಬರ್ತಾನೆ. ಯಾರ ಹತ್ರ ಅಂತ ನನಗೂ ಗೊತ್ತಿಲ್ಲ, ಇವನಿಗೂ ಗೊತ್ತಿಲ್ಲ," ಎಂದ.

ಹಗ್ಗ ನನ್ನ ಕೈಗೆ ಬಂತು. ಎಲ್ಲರ ಬೆವರಿಗೆ ಒದ್ದೆಯಾಗಿತ್ತು. ಗಾಬರಿಯಿಂದ ಪಕ್ಕದಲ್ಲಿದ್ದ ಅತ್ತೆಯ ಕೈಗೆ ತುರುಕಿದೆ. ಅಷ್ಟರಲ್ಲಿ ಸೀಟಿ ಕೇಳಿಸಿತು.

ಒಳಗೆ ರಾಟೆ ತಿರುಗಿ, ಗೊಂಬೆ ಹಗ್ಗ ನುಂಗುತ್ತ ಹೆಜ್ಜೆ ಹಾಕತೊಡಗಿತು. ಕಣ್ಣಿನ ಕೆಂಪು ಬಲ್ಬು ಬಿಟ್ಟರೆ ಏನೂ ಕಾಣದು. ಬೆಂಚುಗಳು ಸರಿದವು, ಯಾರೋ ದೇವರ ಹೆಸರು ಹೇಳಿದರು. ಅದು ಅತ್ತೆಯ ಮುಂದೆ ನಿಂತು, ಕಿರುಗುಟ್ಟುತ್ತ ಬಗ್ಗಿ, ಪಾದ ಮುಟ್ಟಿತು.

"ನೂರ್ಕಾಲ ಬಾಳು ಮಗ," ಎಂದುಬಿಟ್ಟರು ಅತ್ತೆ. ಕಾಲು ಮುಟ್ಟಿದವರಿಗೆಲ್ಲ ಹೇಳಿ ಅಭ್ಯಾಸ.

ಜನ ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ. ಮನೆಯ ದಾರಿಯಲ್ಲಿ ನನ್ನ ತೋಳು ಹಿಡಿದು, "ನಿಂಗೆ ಅಂತ ಇಟ್ಟ ಮಾತಲ್ವಾ ಅದು. ಜೀವ ಇಲ್ಲದ್ದಕ್ಕೆ ಹೋಯ್ತಲ್ಲ," ಎಂದರು. ಸಮಾಧಾನ ಹೇಳಬೇಕಾದ ನಾನೇ ಹೆದರಿದೆ.

ಬೆಳಿಗ್ಗೆ ಜೀಪಿನ ಹತ್ತಿರ ಕಾಲಿಗೆ ಬಿದ್ದೆ. ಅತ್ತೆ ತಲೆಯ ಮೇಲೆ ಕೈಯಿಟ್ಟರು. ಹರಸಲು ಹೋದವರು ಕೈ ಹಿಂದೆಗೆದುಕೊಂಡರು.

"ಅದೇ ಮಾತು ಈಗ ಹೇಳಿದ್ರೆ ಎಂಜಲಾಗ್ತದೆ. ನೀ ಹೋಗಿ ಬಾ. ಬಂದ್ಮೇಲೆ ಹೊಸದಾಗಿ ಹೇಳ್ತೇನೆ."

ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಶಾಲೆಯ ಜಗಲಿಯಲ್ಲಿ ಗೊಂಬೆ ಇನ್ನೂ ಬಗ್ಗಿಕೊಂಡೇ ನಿಂತಿತ್ತು.

ಇದನ್ನು ಮೈಸೂರಿನ ಆಸ್ಪತ್ರೆಯ ಮಂಚದಲ್ಲಿ ಬರೆಯುತ್ತಿದ್ದೇನೆ. ಆಪರೇಷನ್ ನಾಳೆ. ಭಯವಾಗುತ್ತಿದೆ. ಅತ್ತೆಯ ಹೊಸ ಮಾತು ಕರಿಕೆಯಲ್ಲೇ ಇದೆ, ಹೋಗಿ ಕೇಳಬೇಕು.