ಸಿಸ್ಟರ್ ಮಲಗಿದ ರಾತ್ರಿ

ನಾನು ಮೊದಲು ನೋಡಿದ್ದು ಅವರ ಪಾದಗಳನ್ನು. ಅಬುಧಾಬಿಯ ಖಾಲಿದಿಯಾ ಬಡಾವಣೆಯ ಫ್ಲಾಟೊಂದರಲ್ಲಿ ಕೋಣೆ ಬಾಡಿಗೆಗಿದೆ ಎಂದು ಕೇಳಿ ಬೆಳಿಗ್ಗೆಯೇ ಹೋಗಿದ್ದೆ. ಬಾಗಿಲು ತೆರೆದೇ ಇತ್ತು. ಹಾಲ್‌ನ ನೆಲದ ಮೇಲೆ ಅಂಗಾತ ಮಲಗಿದ್ದ ಹೆಂಗಸೊಬ್ಬರು ಎರಡೂ ಕಾಲುಗಳನ್ನು ಗೋಡೆಗೆ ನೆಟ್ಟಗೆ ಆನಿಸಿಕೊಂಡಿದ್ದರು. ಮೀನಖಂಡದ ಮೇಲೆ ಹಸಿರು ನರಗಳು ಹಗ್ಗದಂತೆ ಉಬ್ಬಿದ್ದವು. ಹಿಮ್ಮಡಿ ತಾಗಿ ತಾಗಿ ಗೋಡೆಯ ಬಣ್ಣ ಮಾಸಿತ್ತು. “ನೈಟ್ ಡ್ಯೂಟಿ ಮುಗ್ಸಿ ಬಂದದ್ದು. ಕಾಲು ಇಳಿಸ್ಲಿಕ್ಕೆ ಇನ್ನೂ ಹೊತ್ತುಂಟು. ನೀನು ಕೂತ್ಕೋ ಮಾರಾಯ್ತಿ,” ಎಂದರು, ತಲೆ ಕೂಡ ಎತ್ತದೆ. ನಾನು ಮೈಸೂರಿನವಳು. ಮುಖ ನೋಡುವ ಮೊದಲೇ ಏಕವಚನವೇ ಎಂದು ಒಳಗೊಳಗೇ ಮುನಿಸಿಕೊಂಡೆ. ಆಮೇಲೆ ಆರು ವರ್ಷ ಅಲ್ಲೇ ಇದ್ದೆ.

ಕಾರ್ಕಳದ ಕಡೆಯ ಕೊಂಕಣಿ ಕ್ರೈಸ್ತರು ಅವರು. ಆಸ್ಪತ್ರೆಯಲ್ಲಿ ನರ್ಸ್. ಎಲ್ಲರಿಗೂ ಸಿಸ್ಟರ್, ನನಗೂ ಸಿಸ್ಟರ್. ಬೇರೆಯವರಿಗೆ ಗಂಡ ಮಕ್ಕಳಿದ್ದಾರೆ, ನಿಮಗೇನು ಎಂದು ಯಾರೋ ಯಾವತ್ತೋ ಅವರ ತಲೆಗೆ ಕಟ್ಟಿದ ರಾತ್ರಿ ಪಾಳಿ ಕೊನೆಯವರೆಗೂ ಅವರದೇ ಆಗಿ ಉಳಿದಿತ್ತು. ಪಾಳಿಯಿಲ್ಲದ ದಿನವೂ ನಾನು ಕೆಮ್ಮಿದರೆ ಸಾಕು, ಬಿಸಿನೀರು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಹಾಗೆಂದು ಮೆತ್ತಗಿನ ಹೆಂಗಸಲ್ಲ. ಬೇಡವೆಂದರೆ ಬೇಡ, ಕಾರಣ ಹೇಳುತ್ತಿರಲಿಲ್ಲ. “ಕಾರಣ ಕೊಟ್ರೆ ವಾದ ಶುರು ಆಗ್ತದೆ,” ಎನ್ನುತ್ತಿದ್ದರು.

ಇಲ್ಲಿ ರಜೆ ಎಂದರೆ ಊರು. ಅದರಲ್ಲಿ ಎರಡು ಮಾತಿಲ್ಲ. ಸಿಸ್ಟರ್ ಕೂಡ ವರ್ಷಾವರ್ಷ ಚಾಕೊಲೇಟು, ಸೆಂಟು, ಹಾಲಿನ ಪುಡಿಯ ಡಬ್ಬಿ ತುಂಬಿಕೊಂಡು ಹೋಗಿ, ಅಲ್ಲಿ ಯಾರದೋ ಆಪರೇಷನ್, ಯಾರದೋ ಬಾಣಂತನ ಮುಗಿಸಿ, ಹೋಗುವಾಗ ಇದ್ದದ್ದಕ್ಕಿಂತ ಸೊರಗಿ ಬರುತ್ತಿದ್ದರು. “ಅದು ರಜೆ ಅಲ್ಲ ಮಾರಾಯ್ತಿ, ಡೇ ಡ್ಯೂಟಿ,” ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನಿವೃತ್ತಿಗೆ ಮುಂಚಿನ ಕೊನೆಯ ರಜೆ ಬಂತು. ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಯುರೋಪಿನ ರಾತ್ರಿ ರೈಲು. ಕೋಟು ತೊಟ್ಟ ನೌಕರ ಬೆಳಿಗ್ಗೆ ಬಾಗಿಲು ತಟ್ಟಿ, ಒಳಗೆ ಹೊದ್ದು ಮಲಗಿದವರನ್ನು ಎಬ್ಬಿಸಿ ಕಾಫಿಯ ಟ್ರೇ ಕೊಡುತ್ತಾನೆ. ನಾನು ರೈಲಿನ ಕಿಟಕಿಯಾಚೆಯ ಬೆಟ್ಟ ನೋಡುತ್ತಿದ್ದೆ. ಅವರು ನೋಡುತ್ತಿದ್ದದ್ದು ಆ ನೌಕರನನ್ನು. “ಅವನು ಇಡೀ ರಾತ್ರಿ ಎಚ್ಚರ ಇರುದು, ಪ್ಯಾಸೆಂಜರ್ ಮಲಗುದು. ಗೊತ್ತಾಯ್ತಾ? ನಂಗೆ ಅದು ಬೇಕು.” ವಿಯೆನ್ನಾದಿಂದ ವೆನಿಸ್‌ಗೆ ಟಿಕೆಟ್ ಆಗಲೇ ತೆಗೆದಾಗಿತ್ತು. ಕೆಲಸ ಮುಗಿದರೆ ಇಲ್ಲಿಯ ವೀಸಾವೂ ಮುಗಿಯುತ್ತದೆ. ಊರಿಗೆ ಹೋಗಿ ಕುಳಿತ ಮೇಲೆ ಮನೆಯವರು ತಮ್ಮನ್ನು ಒಂಟಿಯಾಗಿ ಎಲ್ಲಿಗಾದರೂ ಬಿಟ್ಟಾರೆಂಬ ಭ್ರಮೆ ಅವರಿಗಿರಲಿಲ್ಲ. ಈಗ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ.

ಊರಿನಿಂದ ಅವರ ತಮ್ಮನ ಫೋನು ಬಂತು. ಮಗಳ ನಿಶ್ಚಿತಾರ್ಥ ಇಟ್ಟುಕೊಂಡು ಅಕ್ಕ ಬರುವುದಿಲ್ಲವೆಂದರೆ ಹೇಗೆ? ಜನ ಏನೆಂದಾರು? ಈ ವಯಸ್ಸಿನಲ್ಲಿ, ರಾತ್ರಿ ಹೊತ್ತು, ರೈಲಿನಲ್ಲಿ, ಗುರುತಿಲ್ಲದ ಗಂಡಸರ ನಡುವೆ! ಸಿಸ್ಟರ್ ಕೊಂಕಣಿಯಲ್ಲಿ ಕೊಟ್ಟ ಉತ್ತರ ಅಷ್ಟು ಹೊತ್ತಿಗೆ ನನಗೂ ಅರ್ಥವಾಗುತ್ತಿತ್ತು: ಜೀವಮಾನವಿಡೀ ಗುರುತಿಲ್ಲದ ಗಂಡಸರ ಹಾಸಿಗೆ ಬದಲಾಯಿಸಿದ್ದೇನೆ, ಆಗ ನಿನಗೆ ಹೆದರಿಕೆ ಆಗಲಿಲ್ಲವಾ? ಆ ಕಡೆ ಫೋನು ಕುಕ್ಕಿದ ಸದ್ದು ನನಗೂ ಕೇಳಿಸಿತು.

ನಿಜವಾದ ತೊಡಕು ಟ್ರಾವೆಲ್ಸ್ ಅಂಗಡಿಯಲ್ಲಿತ್ತು. ಯುರೋಪಿನ ವೀಸಾಕ್ಕೆ ಒಂದೊಂದು ರಾತ್ರಿಯೂ ಎಲ್ಲಿ ತಂಗುತ್ತೀರಿ ಎಂದು ತೋರಿಸಬೇಕು. ರೈಲಿನ ರಾತ್ರಿಗೆ ಹೋಟೆಲ್ ಇಲ್ಲ. ಅಂಗಡಿಯವನು ಉಡುಪಿ ಕಡೆಯವನು, ಸುಲಭದ ದಾರಿ ಹೇಳಿದ. “ಒಂದು ಡಮ್ಮಿ ಬುಕಿಂಗ್ ಹಾಕುವ ಸಿಸ್ಟರ್. ಎಲ್ರೂ ಹಾಕುದು. ವೀಸಾ ಸಿಕ್ಕಿದ ಮೇಲೆ ಕ್ಯಾನ್ಸಲ್, ಖಲಾಸ್.”

“ಆ ರಾತ್ರಿ ನಾನು ಹೋಟೆಲಲ್ಲಿ ಇರುದಿಲ್ಲ.”

“ಅದು ಗೊತ್ತುಂಟು. ಕಾಗದಕ್ಕೆ ಮಾತ್ರ. ಖಾಲಿ ಬಿಟ್ರೆ ರಿಜೆಕ್ಟ್ ಮಾಡಿಯಾರು.”

“ಹಾಕ್ಸಿಬಿಡಿ ಸಿಸ್ಟರ್, ಯಾರಿಗೇನು ನಷ್ಟ?” ಎಂದೆ ನಾನು.

ಸಿಸ್ಟರ್ ನನ್ನತ್ತ ತಿರುಗಿದರು. ಕಾರಣ ಕೊಡದ ಹೆಂಗಸು ಅವತ್ತು ಕೊಟ್ಟರು. “ನಾನು ಆಸೆಪಟ್ಟದ್ದು ಆ ಒಂದು ರಾತ್ರಿಗೆ. ಅದನ್ನೇ ಸುಳ್ಳು ಬರೆಯುದಾ? ಬೇಕಿದ್ರೆ ಬಾಕಿ ರಾತ್ರಿ ಎಲ್ಲ ಸುಳ್ಳು ಬರಿ.”

ವೀಸಾ ಕೇಂದ್ರದ ಹುಡುಗಿಯೂ ಬಿಡಲಿಲ್ಲ. ಒಂದು ರಾತ್ರಿ ಕಮ್ಮಿ ಇದೆ ಮೇಡಂ, ಅವತ್ತು ಎಲ್ಲಿ ಮಲಗುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸಿಸ್ಟರ್ ರೈಲಿನ ಟಿಕೆಟನ್ನು ಮುಂದೆ ತಳ್ಳಿ, ಇಡೀ ಸಾಲಿಗೆ ಕೇಳುವಂತೆ “ಇನ್ ದಿ ಟ್ರೇನ್!” ಎಂದರು. ಆಮೇಲಿನ ದಿನಗಳಲ್ಲಿ ನನ್ನ ಜೀವ ಕೈಯಲ್ಲಿತ್ತು. ಅವರು ಮಾತ್ರ ಉಣ್ಣೆಯ ಕಾಲುಚೀಲ ಕೊಂಡು ತಂದರು. ಹೊರಡುವ ದಿನ ಹತ್ತಿರ ಬಂದಾಗ ಪಾಸ್‌ಪೋರ್ಟು ಬಂತು, ವೀಸಾ ಸಮೇತ.

ಮರಳಿ ಬಂದವರನ್ನು ಮೊದಲು ಕೇಳಿದ್ದು, ನಿದ್ದೆ ಹೇಗಾಯ್ತು ಸಿಸ್ಟರ್ ಎಂದು.

“ಎಂತ ನಿದ್ದೆ? ಒಂದು ಕಣ್ಣು ಮುಚ್ಚಲಿಲ್ಲ. ಈ ಶರೀರಕ್ಕೆ ರಾತ್ರಿ ಮಲಗ್ಲಿಕ್ಕೆ ಗೊತ್ತಿಲ್ಲ ಅಲ್ವಾ!” ನನ್ನ ಮುಖ ಬಾಡಿದ್ದು ಕಂಡು ಕೈ ಹಿಡಿದರು. “ಕೇಳು ಇಲ್ಲಿ. ಆಚೆ ಅವನು ನಡೆಯುದು ಕೇಳ್ತಿತ್ತು. ಯಾರೋ ಬೆಲ್ ಮಾಡಿದ್ರು, ಯಾರದ್ದೋ ಮಗು ಕೂಗಿತು. ಪ್ರತಿ ಸಲ ನನ್ನ ಕಾಲು ಕೆಳಗೆ ಇಳಿಯಿತು. ಪ್ರತಿ ಸಲ ಮೇಲೆ ಎಳಕೊಂಡೆ. ಅದು ಅವನ ಡ್ಯೂಟಿ. ಬೆಳಿಗ್ಗೆ ಬಾಗಿಲು ತಟ್ಟಿದ. ಎಚ್ಚರವೇ ಇದ್ದೆ, ಆದ್ರೂ ಏಳಲಿಲ್ಲ. ಇನ್ನೊಮ್ಮೆ ತಟ್ಲಿ ಅಂತ.” ಹೇಳುತ್ತ ಹೇಳುತ್ತ ಹುಡುಗಿಯಂತೆ ನಕ್ಕರು. ಅಷ್ಟು ಗೆದ್ದ ಮುಖ ನಾನು ಬೇರೆ ಯಾರಲ್ಲೂ ಕಂಡಿಲ್ಲ.

ನಿವೃತ್ತರಾಗಿ ಊರು ಸೇರಿದ ಮರುವರ್ಷವೇ ಹೃದಯಾಘಾತದಲ್ಲಿ ಹೋಗಿಬಿಟ್ಟರು. ತೀರಿಕೊಂಡ ತಿಂಗಳಿಗೆ ಚರ್ಚಿನಲ್ಲಿ ಇಟ್ಟ ಬಲಿಪೂಜೆಯ ಹೊತ್ತಿಗೆ ನಾನು ರಜೆಯಲ್ಲಿದ್ದೆ, ಮೈಸೂರಿನಿಂದ ಬಸ್ಸು ಹಿಡಿದು ಹೋದೆ. ಇಗರ್ಜಿಯಲ್ಲಿ ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ಎಂದು ತಿಳಿಯದೆ ಪಕ್ಕದವರನ್ನು ನೋಡಿ ನೋಡಿ ಮಾಡಿದೆ. ಪೂಜೆಯ ನಂತರ ಪಕ್ಕದ ಸಭಾಭವನದಲ್ಲಿ ಸಿಸ್ಟರ್ ಅವರ ತಮ್ಮ ಮೈಕು ಹಿಡಿದರು. “ನಮ್ಮ ಅಕ್ಕ ಮೊಂಬತ್ತಿಯ ಹಾಗೆ ಉರಿದವರು. ತನಗೋಸ್ಕರ ಅಂತ ಒಂದು ದಿನವೂ ಬದುಕಿದವರಲ್ಲ,” ಎಂದು ಕಣ್ಣೊರೆಸಿಕೊಂಡರು. ಜನ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ಕಷ್ಟಪಟ್ಟು ಗಳಿಸಿಕೊಂಡ ಆ ಒಂದು ರಾತ್ರಿಯನ್ನೂ ಇವರು ಕಿತ್ತುಕೊಳ್ಳುತ್ತಿದ್ದಾರಲ್ಲ!

ಬೇರೆ ಯಾರಾದರೂ ಮಾತಾಡುತ್ತೀರಾ ಎಂದರು. ಆಫೀಸಿನ ಮೀಟಿಂಗಿನಲ್ಲೂ ಬಾಯಿ ಬಿಡದ ನಾನು ಎದ್ದೆ. ಆ ಎದೆಗಾರಿಕೆ ನನ್ನದಲ್ಲ, ಅವರಿಂದ ಬಂದದ್ದು.

“ನಾನು ಅಬುಧಾಬಿಯಲ್ಲಿ ಅವರ ಜೊತೆ ಇದ್ದವಳು. ಈಗ ಹೇಳಿದ್ದು ಸುಳ್ಳು. ಸಿಸ್ಟರ್ ಒಂದು ರಜೆ ಊರಿಗೆ ಬರಲಿಲ್ಲ. ಬರಕ್ಕೆ ಆಗದೆ ಅಲ್ಲ, ಬೇಡ ಅಂತ. ಒಂದು ರಾತ್ರಿ ಪೂರ್ತಿ ರೈಲಲ್ಲಿ ಮಲಗಿದ್ರು, ಯಾರಿಗೋಸ್ಕರವೂ ಏಳಲಿಲ್ಲ. ಅದು ಅವರದು. ದಯವಿಟ್ಟು ಅದನ್ನ ಅವರಿಗೇ ಬಿಡಿ.”

ಅವರ ತಮ್ಮ ಮೈಕನ್ನು ಕೆಳಗಿಟ್ಟರು. ಊಟಕ್ಕೆ ನನ್ನ ಪಕ್ಕದ ಎರಡೂ ಕುರ್ಚಿ ಖಾಲಿ ಉಳಿದವು. ಆದರೂ ಬಡಿಸುವವರನ್ನು ಕರೆದು ಕರೆದು ಹಾಕಿಸಿಕೊಂಡು, ಹೊಟ್ಟೆ ತುಂಬ ಉಂಡು ಎದ್ದೆ.