ಗ್ರಿಲ್ಲಿನ ಹಿಂದಿನ ನಿಂಬೆಹಣ್ಣು

ಕಟಕಟಕಟ ಎಂಬ ಆ ಸದ್ದು ಈಗಲೂ ಕಿವಿಯಲ್ಲಿದೆ. ಹೈ ಬೀಮ್ ಹಾಕಿದ ಕೂಡಲೇ ನಮ್ಮ ಹಳೆಯ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ದೀಪಕ್ಕೆ ಕರೆಂಟು ಬಿಡುವ ರಿಲೇ ಚಳಿಜ್ವರ ಬಂದವರ ಹಾಗೆ ಹಲ್ಲು ಕಡಿಯುತ್ತಿತ್ತು. ಮುಂದಿನ ಎರಡೂ ದೀಪ ಮಂಕು. ಹಾರ್ನ್ ಒತ್ತಿದರೆ ಇನ್ನಷ್ಟು ಸೊರಗುತ್ತಿದ್ದವು, ಇಂಡಿಕೇಟರ್ ಹಾಕಿದರೆ ಅದರ ಜೊತೆ ತಾವೂ ಮಿಟುಕುತ್ತಿದ್ದವು. ನಾರಾಯಣಖೇಡದ ತಂಗಿಯ ಮನೆಯಿಂದ ಜಹೀರಾಬಾದಿಗೆ ಮರಳುವಾಗ ದಾರಿಯಲ್ಲೇ ಹೊತ್ತು ಮುಳುಗುತ್ತಿತ್ತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಅದರ ಅಗಲ ಎಷ್ಟೆಂದು ತಿಳಿಯದೆ ನಾನು ಬದಿಗೆ ನಿಂತುಬಿಡುತ್ತಿದ್ದೆ.

ದುರಸ್ತಿಗೆ ಬಸ್ ಸ್ಟ್ಯಾಂಡಿನ ಹಿಂದಿದ್ದ ಎಲೆಕ್ಟ್ರಿಕ್ ಮಿಸ್ತ್ರಿಯ ಹತ್ತಿರ ಹೋದೆ. ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು. ನಾನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ಶಾಲೆಯ ವ್ಯಾನುಗಳನ್ನೆಲ್ಲ ಅವರೇ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಅವರ ಅಂಗಡಿ ನಡೆಯುತ್ತಿದ್ದುದೇ ಆ ವ್ಯಾನುಗಳಿಂದ. ಅವರು ಟೆಸ್ಟ್ ಲ್ಯಾಂಪ್ ಹಿಡಿದು ಅಲ್ಲಿ ಇಲ್ಲಿ ಚುಚ್ಚಿ ನೋಡಿದರು.

"ಟೀಚರಮ್ಮಾ, ಬಲ್ಬ್ ಚೊಲೋ ಅದಾವ. ಕರೆಂಟ್ ಬರ್ತದ, ವಾಪಸ್ ಹೋಗಾಕ ರಸ್ತಾ ಇಲ್ಲ. ಅರ್ಥ್ ವೈರ್ ಎಲ್ಲೋ ಬಿಟ್ಟದ. ಗ್ರಿಲ್ ಬಿಚ್ಚಿ ನೋಡ್ತೀನ್ರಿ."

"ಗ್ರಿಲ್ ಬ್ಯಾಡ್ರಿ. ಹಳೇದದ, ಮುರೀತದ. ಹೊರಗಿಂದೇ ಏನರ ಮಾಡ್ರಿ."

"ಹಲ್ಲಿನ ಡಾಕ್ಟರ್ ಸುದ್ದಾ ಬಾಯಿ ತೆಗಿ ಅಂತಾನ್ರಿ. ಗಲ್ಲ ನೋಡಿ ಹಲ್ಲು ಕೀಳಂಗಿಲ್ಲ."

"ನೋ, ಪ್ಲೀಸ್," ಎಂದೆ, ಕ್ಲಾಸಿನಲ್ಲಿ ಹೇಳುತ್ತಿದ್ದ ಹಾಗೆಯೇ. ಅವರು ಸ್ಕ್ರೂಡ್ರೈವರ್ ಜೇಬಿಗಿಟ್ಟರು.

ಗ್ರಿಲ್ಲಿನ ಹಿಂದೆ, ಬ್ಯಾಟರಿಯ ಮರೆಯಲ್ಲಿ ನನ್ನದೊಂದು ಗುಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಅರವತ್ತು ದಾಟಿದ ನಾನು ಒಬ್ಬಳೇ ಕಾರು ಓಡಿಸತೊಡಗಿದೆ. ಮೊದಲ ವಾರವೇ ಎಮ್ಮೆಯೊಂದು ಅಡ್ಡ ಬಂದು ಕೂದಲೆಳೆಯ ಅಂತರದಲ್ಲಿ ಉಳಿದೆ. ಅತ್ತೆ ಬದುಕಿದ್ದಾಗ ಪ್ರತಿ ಅಮಾವಾಸ್ಯೆ ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸುತ್ತಿದ್ದರು. ಆಗ ನಗುತ್ತಿದ್ದವಳು ನಾನೇ. ಈಗ ನಾನೇ ಕಟ್ಟತೊಡಗಿದೆ. ಆದರೆ ಬಂಪರಿಗಲ್ಲ, ಜನ ನೋಡಿಯಾರು. ಗ್ರಿಲ್ಲಿನ ಒಂದು ಪಟ್ಟಿ ಮುರಿದಿದ್ದ ಕಡೆ ಕೈ ತೂರಿಸಿ, ಒಳಗೆ ಬೆರಳಿಗೆ ಸಿಕ್ಕ ಯಾವುದೋ ಬೋಲ್ಟಿಗೆ ತಂತಿ ಸುತ್ತಿ ಬಿಗಿಯುತ್ತಿದ್ದೆ.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಇದನ್ನೆಲ್ಲ ಸೂಪರ್‌ಸ್ಟಿಷನ್ ಎಂದು ಕಲಿಸಿದ್ದರು. ನಾನೂ ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದೆ. ಒಮ್ಮೆ ಅಸೆಂಬ್ಲಿಯ ಹೊತ್ತಿನಲ್ಲಿ, ಎಲ್ಲರೆದುರು, ವ್ಯಾನ್ ಡ್ರೈವರನ ಕೈಯಿಂದಲೇ ಅವನ ನಿಂಬೆಹಣ್ಣಿನ ಸರ ಕೀಳಿಸಿದ್ದೆ. ಅಂಥವಳ ಕಾರಿನಲ್ಲಿ ಮಿಸ್ತ್ರಿಗೆ ಅದು ಸಿಕ್ಕರೆ, ಸಂಜೆಯೊಳಗೆ ಆ ಡ್ರೈವರಿಗೂ ಗೊತ್ತಾಗುತ್ತಿತ್ತು.

ಮಿಸ್ತ್ರಿ ಪಾಪ, ಹೊರಗಿನಿಂದ ಆಗುವುದನ್ನೆಲ್ಲ ಮಾಡಿದರು. ನನ್ನ ಒತ್ತಾಯಕ್ಕೆ ಬಲ್ಬ್ ಬದಲಿಸಿದರು, ರಿಲೇ ಬದಲಿಸಿದರು, ಸ್ವಿಚ್ಚು ಉಜ್ಜಿದರು. ಮೂರು ಸಲ ಹೋದೆ. ಮೂರೂ ಸಲ ಕಟಕಟ ಹಾಗೇ ಉಳಿಯಿತು.

ಶಾಲೆಯ ವಾರ್ಷಿಕೋತ್ಸವದ ಊಟದಲ್ಲಿ ಮ್ಯಾನೇಜರು ಕೇಳಿದರು, "ಮೇಡಂ, ಕಾರ್ ರಿಪೇರಿ ಆತೇನ್ರಿ?"

"ಹೀ ಈಸ್ ನಾಟ್ ಕಾಂಪಿಟೆಂಟ್," ಎಂದೆ. "ಸುಮ್ಮ ಪಾರ್ಟ್ಸ್ ಬದಲಿ ಮಾಡ್ಕೊಂತ ಕುಂಡ್ರತಾರ."

ಅಷ್ಟೇ, ಎರಡು ವಾಕ್ಯ. ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿದ್ದು. ಮುಂದಿನ ತಿಂಗಳಿನಿಂದ ಶಾಲೆಯ ವ್ಯಾನುಗಳು ಬೇರೆ ಕಡೆ ಹೋಗತೊಡಗಿದವು.

ಆಮೇಲೊಂದು ದಿನ ಅಂಗಳಕ್ಕೆ ಹಾಸುಗಲ್ಲು ಆರಿಸಲು ತಾಂಡೂರಿಗೆ ಹೋದವಳು, ಕಾರನ್ನು ಅಲ್ಲಿನ ಒಬ್ಬ ಮೆಕ್ಯಾನಿಕ್‌ನ ಹತ್ತಿರ ಬಿಟ್ಟೆ. ಕಲ್ಲಿನ ಗುಂಗಿನಲ್ಲಿ ಗ್ರಿಲ್ಲಿನ ಮಾತು ಹೇಳಲು ಮರೆತೆ. ಮರಳಿ ಬಂದಾಗ ಬಾನೆಟ್ಟಿನ ಮೇಲೆ ಪೇಪರ್ ಹಾಸಿ, ಬಾಡತೊಡಗಿದ ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ, ಹಸಿರು ಕಿಲುಬು ಹತ್ತಿದ ಬೋಲ್ಟು ಸಾಲಾಗಿ ಇಟ್ಟಿದ್ದ.

"ಅಕ್ಕಾರ, ಹುಡುಕಿ ಹುಡುಕಿ ಅರ್ಥ್ ಬೋಲ್ಟಿಗೇ ಕಟ್ಟೀರಲ್ರಿ. ಎಷ್ಟು ಅಮಾಸಿದು ಹುಳಿ ಕುಡದದೋ ಏನೋ. ಎರಡೂ ಲೈಟಿಗಿ ಇದೊಂದೇ ಆಸರಾ."

"ಕಾರಿನ ಮೊದಲಿನ ಮಾಲಕರು ಯಾರೋ ಕಟ್ಟಿರಬೇಕ್ರಿ," ಎಂದೆ.

"ಮೆಣಸಿನಕಾಯಿ ಇನ್ನಾ ಹಸಿ ಅದಾವ್ರಿ," ಎಂದು ನಕ್ಕು ಬೋಲ್ಟನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಬಿಗಿದ. ಹತ್ತು ನಿಮಿಷದ ಕೆಲಸ. ದೀಪ ಬೆಳ್ಳಗೆ ಉರಿದವು.

ಅಲ್ಲಿಂದ ನೆಟ್ಟಗೆ ಮ್ಯಾನೇಜರ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದೆ. ತಪ್ಪು ನನ್ನದೆಂದರೆ ಏನು ತಪ್ಪು ಎಂದು ಕೇಳುತ್ತಾರೆ, ನಿಂಬೆಹಣ್ಣು ಎನ್ನಬೇಕಾಗುತ್ತದೆ. ಹರಿದು ಹಾಕಿದೆ. ಹೀಗೆಯೇ ಐದಾರು ತಿಂಗಳು ಕಳೆದವು. ಮಿಸ್ತ್ರಿ ಅಂಗಡಿ ಮುಚ್ಚಿ ಬಶೀರಾಬಾದಿನ ಮಗಳ ಊರಿಗೆ ಹೊರಟಿದ್ದಾರೆಂದು ತರಕಾರಿಯವಳು ಹೇಳಿದಾಗ, ಆ ಮಧ್ಯಾಹ್ನವೇ ಕಾರು ತೆಗೆದುಕೊಂಡು ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಅವರು ಅಂಗಡಿಯ ಮುಂದೆ ಕೂತು ವೈರು ಸುತ್ತಿ ಡಬ್ಬಿಗೆ ತುಂಬುತ್ತಿದ್ದರು.

"ಬರ್ರಿ ಟೀಚರಮ್ಮಾ. ಲೈಟ್ ಏನಾತು?"

"ತಾಂಡೂರದಾಗ ಸರಿ ಆತ್ರಿ."

"ಹೌದ? ಏನಿತ್ರಿ?" ಅವರು ಕೈಯಲ್ಲಿದ್ದ ಸುರುಳಿಯನ್ನು ಕೆಳಗಿಟ್ಟರು. ಆ ದನಿಯಲ್ಲಿ ದೂರು ಇರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

"ವೈರಿಂಗ್ ಏನೋ ಅಂದ್ರು," ಎಂದಿತು ನನ್ನ ಬಾಯಿ. "ನನಗ ತಿಳೀಲಿಲ್ಲ."

"ಅರ್ಥೇ ಇದ್ದೀತು. ನೀವು ಬ್ಯಾಡಂದ್ರೂ ನಾ ಗ್ರಿಲ್ ಬಿಚ್ಚಬೇಕಿತ್ತು. ತಪ್ಪು ನಂದೇ, ನನ್ನ ಕಸೂರ್ ಅದು." ಎದ್ದು ಬಂದರು. "ಒಮ್ಮೆ ಹಾಕ್ರಿ, ನೋಡಮು."

ಹಾಕಿದೆ. ಬಿಸಿಲಿನಲ್ಲಿ ಕಾಣದೆಂದು ಒಂದೊಂದೇ ದೀಪದ ಮುಂದೆ ಬಗ್ಗಿ, ಅಂಗೈ ಅಡ್ಡ ಹಿಡಿದು ನೋಡಿದರು. ಚೊಲೋ ಅದ ಎಂಬಂತೆ ತಲೆಯಾಡಿಸಿದರು. ನಾನು ಗಾಡಿ ತಿರುಗಿಸುವಾಗ ರಸ್ತೆಗೆ ಇಳಿದು, ಬರುತ್ತಿದ್ದ ಆಟೋವನ್ನು ಕೈ ಅಡ್ಡ ಮಾಡಿ ನಿಲ್ಲಿಸಿ, ನನಗೆ ಹೋಗಿರೆಂದು ಸನ್ನೆ ಮಾಡಿದರು. ನಾನವರನ್ನು ಕೊನೆಯದಾಗಿ ನೋಡಿದ್ದು ಹಾಗೆ, ನನ್ನ ಕಾರಿಗಾಗಿ ರಸ್ತೆ ತಡೆದು ನಿಂತಿದ್ದಾಗ.